ದಿವಾಳಿ ಕೋರ್ಟಿನಲ್ಲಿ ಬಾಲ್ಯದ ಲೆಕ್ಕ

‘ಪಾಪರ್ ಚೀಟಿ ತಗೊಂಡ’ ಎಂಬ ಮಾತನ್ನು ನಾವೆಲ್ಲ ಹಿರಿಯರ ಬಾಯಲ್ಲಿ ಕೇಳಿರುತ್ತೇವೆ. ಸಾಲ ತೀರಿಸಲಾಗದೆ ಕೋರ್ಟಿನ ಮುಂದೆ ಕೈಚೆಲ್ಲಿದವರ ಬಗ್ಗೆ ಆಡುವ ಮಾತು ಅದು. ಈಗಿನ ಸುದ್ದಿಗಳಲ್ಲಿ ದಿವಾಳಿ ಎಂದರೆ ವಿಮಾನಯಾನ ಕಂಪನಿ, ಬಿಲ್ಡರ್, ಸ್ಟಾರ್ಟಪ್ ನೆನಪಾಗುತ್ತವೆ. ಬಾಕಿ ವಸೂಲಿಗೆ ಅಲ್ಲಿ ಸಾಲಾಗಿ ನಿಲ್ಲುವವರು ಬ್ಯಾಂಕಿನವರು, ಸರಕು ಕೊಟ್ಟವರು, ಸಂಬಳ ಬರಬೇಕಾದ ನೌಕರರು. ಆದರೆ ಆ ಸಾಲಿನಲ್ಲಿ, ಬಾಲ್ಯದಲ್ಲಿ ತಮ್ಮ ಮೇಲೆ ಲೈಂಗಿಕ ದೌರ್ಜನ್ಯ ನಡೆಯಿತು ಎನ್ನುವ 82 ಸಾವಿರಕ್ಕೂ ಹೆಚ್ಚು ಜನ ಬಂದು ನಿಂತರೆ?

ಅಮೆರಿಕದ ‘ಬಾಯ್ ಸ್ಕೌಟ್ಸ್ ಆಫ್ ಅಮೆರಿಕ’ ಸಂಸ್ಥೆಯ ದಿವಾಳಿ ಪ್ರಕರಣದಲ್ಲಿ ಆಗಿದ್ದು ಇದೇ. ನಮ್ಮ ಶಾಲೆಗಳಲ್ಲಿರುವ ‘ಭಾರತ್ ಸ್ಕೌಟ್ಸ್ ಅಂಡ್ ಗೈಡ್ಸ್’ ಬೇರೆಯೇ ಸಂಸ್ಥೆ, ಅದಕ್ಕೂ ಈ ಪ್ರಕರಣಕ್ಕೂ ಸಂಬಂಧವಿಲ್ಲ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ. ಆದರೂ ಈ ಪ್ರಕರಣ ನಮ್ಮ ವಯಸ್ಸಿನವರು ತಿಳಿಯಬೇಕಾದದ್ದು. ಹಣ ಹಂಚಲು ಹುಟ್ಟಿದ ಕಾನೂನಿನ ಕೈಗೆ ಅನ್ಯಾಯದ ದೂರು ಕೊಟ್ಟರೆ ಏನು ಸಿಗುತ್ತದೆ, ಏನು ಸಿಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ದೊಡ್ಡ ಉದಾಹರಣೆ ಸಿಗಲಾರದು.

ಬೀರುವಿನಲ್ಲಿದ್ದ ಕಡತಗಳು

ಈ ಸಂಸ್ಥೆ ಶುರುವಾದದ್ದು 1910ರಲ್ಲಿ. 1970ರ ದಶಕದಲ್ಲಿ ಇದರ ಸದಸ್ಯರ ಸಂಖ್ಯೆ 40 ಲಕ್ಷ ದಾಟಿತ್ತು. ಟೆಂಟ್ ಹಾಕುವುದು, ಗಂಟು ಕಟ್ಟುವುದು, ಪ್ರಥಮ ಚಿಕಿತ್ಸೆ ಕಲಿಸುವುದು ಎಲ್ಲವೂ ಇಲ್ಲಿತ್ತು. ಅಪ್ಪ ಅಮ್ಮಂದಿರು ನಂಬಿಕೆಯಿಂದ ಮಕ್ಕಳನ್ನು ಕ್ಯಾಂಪಿಗೆ ಕಳಿಸುತ್ತಿದ್ದರು. ಆ ನಂಬಿಕೆಯನ್ನೇ ಕೆಲವು ಸ್ವಯಂಸೇವಕರು ದುರುಪಯೋಗ ಮಾಡಿಕೊಂಡರು.

ಇದು ಸಂಸ್ಥೆಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ದೌರ್ಜನ್ಯದ ಆರೋಪ ಬಂದವರನ್ನು ಮತ್ತೆ ಒಳಗೆ ಸೇರಿಸಿಕೊಳ್ಳಬಾರದೆಂದು 1920ರ ದಶಕದಿಂದಲೇ ಅದು ಗುಟ್ಟಾಗಿ ಕಡತ ಇಡುತ್ತಿತ್ತು. ಆದರೆ ಎಷ್ಟೋ ಪ್ರಕರಣಗಳಲ್ಲಿ ಆ ವಿಷಯ ಪೊಲೀಸರಿಗೂ ಮುಟ್ಟಲಿಲ್ಲ, ಮಕ್ಕಳ ಪೋಷಕರಿಗೂ ಮುಟ್ಟಲಿಲ್ಲ. 2010ರಲ್ಲಿ ಒರೆಗಾನ್ ರಾಜ್ಯದ ಪೋರ್ಟ್‌ಲ್ಯಾಂಡ್ ನಗರದ ಜ್ಯೂರಿಯೊಂದು, ಒಬ್ಬ ಸಂತ್ರಸ್ತನ ಪ್ರಕರಣದಲ್ಲಿ ಸಂಸ್ಥೆಗೆ 1.85 ಕೋಟಿ ಡಾಲರ್ ದಂಡ ಹಾಕಿತು. ಆ ವಿಚಾರಣೆಯಲ್ಲಿ ಈ ಕಡತಗಳೇ ಮುಖ್ಯ ಸಾಕ್ಷ್ಯವಾಗಿದ್ದವು. ಬಳಿಕ ಒರೆಗಾನ್ ಸುಪ್ರೀಂ ಕೋರ್ಟಿನ ಆದೇಶದಂತೆ 1965ರಿಂದ 1985ರವರೆಗಿನ 1,200ಕ್ಕೂ ಹೆಚ್ಚು ಕಡತಗಳು 2012ರಲ್ಲಿ ಜನರ ಮುಂದೆ ಬಂದವು.

ಇಲ್ಲಿ ಒಂದು ಅಂಶ ನೆನಪಿಡಿ. ಕಡತಗಳು ಹೊರಬಂದದ್ದು ಸಂಸ್ಥೆಯ ಪ್ರಾಮಾಣಿಕತೆಯಿಂದಲ್ಲ. ಒಬ್ಬ ವ್ಯಕ್ತಿ ಕೋರ್ಟಿನ ಕಟಕಟೆ ಹತ್ತಿದ, ಜ್ಯೂರಿ ಅವನ ಮಾತು ಕೇಳಿತು, ಆದ್ದರಿಂದ ಬಂದವು.

ಬಾಗಿಲು ತೆರೆಯಿತು, ದಿವಾಳಿ ಬಂತು

ಇಂಥ ದಾವೆ ಹೂಡಲು ಅಮೆರಿಕದ ಹಲವು ರಾಜ್ಯಗಳಲ್ಲಿ ಒಂದು ಕಾಲಮಿತಿ ಇದೆ. ಮಗುವಾಗಿದ್ದಾಗ ಆದ ನೋವನ್ನು ಬಾಯಿಬಿಟ್ಟು ಹೇಳಲು ಹಲವರಿಗೆ ದಶಕಗಳೇ ಬೇಕಾಗುತ್ತವೆ. ಹೇಳುವ ಧೈರ್ಯ ಬರುವಷ್ಟರಲ್ಲಿ ಗಡುವು ಮುಗಿದಿರುತ್ತದೆ. ಈ ಅನ್ಯಾಯ ಸರಿಪಡಿಸಲು ನ್ಯೂಯಾರ್ಕ್, ನ್ಯೂಜೆರ್ಸಿ, ಕ್ಯಾಲಿಫೋರ್ನಿಯಾ ಮೊದಲಾದ ರಾಜ್ಯಗಳು 2019ರ ಹೊತ್ತಿಗೆ ಕಾನೂನು ತಿದ್ದಿ, ಹಳೆಯ ಪ್ರಕರಣಗಳಿಗೂ ಕೋರ್ಟಿನ ಬಾಗಿಲು ತೆರೆದವು.

ಬಾಗಿಲು ತೆರೆದ ಕೂಡಲೇ ದಾವೆಗಳು ಹೆಚ್ಚಿದವು. 2020ರ ಫೆಬ್ರುವರಿ 18ರಂದು ಸಂಸ್ಥೆ ಡೆಲಾವೇರ್ ರಾಜ್ಯದ ದಿವಾಳಿ ನ್ಯಾಯಾಲಯಕ್ಕೆ ಅರ್ಜಿ ಹಾಕಿತು. ಅಮೆರಿಕದ ದಿವಾಳಿ ಕಾನೂನಿನ 11ನೇ ಅಧ್ಯಾಯದಡಿ ಸಂಸ್ಥೆ ಮುಚ್ಚಬೇಕಿಲ್ಲ. ಸಾಲದ ಲೆಕ್ಕ ಚುಕ್ತಾ ಮಾಡಿ ಮತ್ತೆ ನಡೆಯಬಹುದು. ಅರ್ಜಿ ಹಾಕಿದ ಗಳಿಗೆಯಿಂದಲೇ ದೇಶದ ಎಲ್ಲ ಕಡೆ ಅದರ ಮೇಲಿದ್ದ ದಾವೆಗಳು ನಿಂತುಹೋಗುತ್ತವೆ. ಜ್ಯೂರಿ ಇಲ್ಲ, ಕಟಕಟೆ ಇಲ್ಲ. ಎಲ್ಲರೂ ಒಂದೇ ಸಾಲಿಗೆ ಬಂದು ಅರ್ಜಿ ಕೊಡಬೇಕು. ಅದಕ್ಕೆ 2020ರ ನವೆಂಬರ್ 16 ಕಡೆಯ ದಿನವಾಗಿತ್ತು.

ಸಂಸ್ಥೆ ದಿವಾಳಿ ಅರ್ಜಿ ಹಾಕಿದಾಗ ಅದರ ಮೇಲಿದ್ದ ದಾವೆಗಳು 300ರ ಒಳಗೆ. ನವೆಂಬರ್ ಗಡುವು ಮುಗಿದಾಗ ಬಂದಿದ್ದ ಅರ್ಜಿಗಳು 82 ಸಾವಿರಕ್ಕೂ ಹೆಚ್ಚು. ಟಿವಿಯಲ್ಲಿ ವಕೀಲರ ಜಾಹೀರಾತು ಬಂದದ್ದರಿಂದ ಸಂಖ್ಯೆ ಉಬ್ಬಿತು ಎಂದು ವಿಮಾ ಕಂಪನಿಗಳು ವಾದಿಸಿದವು. ಅದರಲ್ಲಿ ಸ್ವಲ್ಪ ನಿಜವಿರಬಹುದು. ಆದರೆ ನಾಲ್ಕೈದು ದಶಕ ಬಾಯಿ ಮುಚ್ಚಿಕೊಂಡಿದ್ದವರು, ‘ನನ್ನ ಹಾಗೆ ಇನ್ನೂ ಸಾವಿರಾರು ಜನ ಇದ್ದಾರೆ’ ಎಂದು ಗೊತ್ತಾದಾಗ ಮುಂದೆ ಬರುವುದೂ ಅಷ್ಟೇ ಸಹಜ.

ಕ್ಯಾಲ್ಕ್ಯುಲೇಟರ್ ಹಿಡಿದು ನೋಡಿದರೆ

ಎರಡೂವರೆ ವರ್ಷದ ಚೌಕಾಸಿಯ ನಂತರ, 2022ರ ಸೆಪ್ಟೆಂಬರ್‌ನಲ್ಲಿ ದಿವಾಳಿ ನ್ಯಾಯಾಧೀಶೆ ಲಾರಿ ಸೆಲ್ಬರ್ ಸಿಲ್ವರ್‌ಸ್ಟೈನ್ ಒಪ್ಪಂದಕ್ಕೆ ಒಪ್ಪಿಗೆ ಕೊಟ್ಟರು. 2023ರ ಏಪ್ರಿಲ್‌ನಲ್ಲಿ ಅದು ಜಾರಿಗೆ ಬಂತು. ಒಟ್ಟು ಮೊತ್ತ 246 ಕೋಟಿ ಡಾಲರ್, ನಮ್ಮ ಲೆಕ್ಕದಲ್ಲಿ ಸುಮಾರು 20 ಸಾವಿರ ಕೋಟಿ ರೂಪಾಯಿ. ಅಮೆರಿಕದ ಇತಿಹಾಸದಲ್ಲೇ ಇಂಥ ಪ್ರಕರಣಗಳ ಅತಿ ದೊಡ್ಡ ಪರಿಹಾರಗಳಲ್ಲಿ ಇದೂ ಒಂದು.

ಇದರಲ್ಲಿ ದೊಡ್ಡ ಪಾಲು ವಿಮಾ ಕಂಪನಿಗಳದ್ದು. ‘ಸೆಂಚುರಿ’ 80 ಕೋಟಿ, ‘ಹಾರ್ಟ್‌ಫರ್ಡ್’ 78.7 ಕೋಟಿ ಡಾಲರ್ ಕೊಡಲು ಒಪ್ಪಿದವು. ಸುಮಾರು 250 ಸ್ಥಳೀಯ ಮಂಡಳಿಗಳು ಸೇರಿ 50 ಕೋಟಿ ಡಾಲರಿಗೂ ಹೆಚ್ಚು ಹಣ, ಆಸ್ತಿ ಕೊಟ್ಟವು. ಸಂಸ್ಥೆಗಾಗಿ ಚಿತ್ರಕಾರ ನಾರ್ಮನ್ ರಾಕ್‌ವೆಲ್ ಬರೆದಿದ್ದ ಪ್ರಸಿದ್ಧ ಚಿತ್ರಗಳು ಕೂಡ ಪರಿಹಾರದ ಟ್ರಸ್ಟಿಗೆ ಸೇರಿದವು.

ಈಗ 246 ಕೋಟಿಯನ್ನು 82 ಸಾವಿರದಿಂದ ಭಾಗಿಸಿ. ತಲೆಗೆ ಸುಮಾರು 30 ಸಾವಿರ ಡಾಲರ್. ಇದರಲ್ಲಿ ವಕೀಲರ ಪಾಲು ಸಾಮಾನ್ಯವಾಗಿ ಮೂರನೇ ಒಂದರಷ್ಟು ಹೋಗುತ್ತದೆ, ಕೆಲವೊಮ್ಮೆ ಶೇ 40ರಷ್ಟು.

ಎಲ್ಲರಿಗೂ ಸಮನಾಗಿ ಹಂಚುವುದೂ ಇಲ್ಲ. ವಿವರ ಕೆದಕುವುದು ಬೇಡ ಎನ್ನುವವರಿಗೆ 3,500 ಡಾಲರ್ ಕೊಟ್ಟು ಲೆಕ್ಕ ಮುಗಿಸುವ ದಾರಿ ಇದೆ. ಉಳಿದವರಿಗೆ ಒಂದು ಕೋಷ್ಟಕ. ದೌರ್ಜನ್ಯ ಎಷ್ಟು ಘೋರ, ಎಷ್ಟು ಕಾಲ ನಡೆಯಿತು, ಮಾಡಿದವನ ಮೇಲೆ ಬೇರೆ ದೂರುಗಳಿದ್ದವೆ ಎಂಬ ಅಂಶಗಳ ಮೇಲೆ ಮೊತ್ತ ನಿಗದಿಯಾಗುತ್ತದೆ. ಗರಿಷ್ಠ 27 ಲಕ್ಷ ಡಾಲರ್. ಕೃತ್ಯ ನಡೆದ ರಾಜ್ಯದಲ್ಲಿ ಕಾಲಮಿತಿ ಮುಗಿದಿದ್ದರೆ ಮೊತ್ತ ತೀರಾ ಇಳಿಯುತ್ತದೆ. ಅಂದರೆ ಇಬ್ಬರು ಹುಡುಗರಿಗೆ ಒಂದೇ ರೀತಿಯ ನೋವಾಗಿದ್ದರೂ, ಒಬ್ಬನ ಕ್ಯಾಂಪ್ ರಾಜ್ಯದ ಗಡಿಯ ಈಚೆಗಿತ್ತು, ಇನ್ನೊಬ್ಬನದು ಆಚೆಗಿತ್ತು ಎಂಬ ಕಾರಣಕ್ಕೆ ಪರಿಹಾರದಲ್ಲಿ ಅಜಗಜಾಂತರ.

ನಿಗದಿಯಾದ ಮೊತ್ತವೂ ಒಮ್ಮೆಲೇ ಕೈಗೆ ಬರುವುದಿಲ್ಲ. ಟ್ರಸ್ಟ್ ಮೊದಲ ಕಂತಾಗಿ ಕೊಡಲು ಶುರು ಮಾಡಿದ್ದು ನಿಗದಿತ ಮೊತ್ತದ ಶೇ 1.5ರಷ್ಟು. ಒಂದು ಲಕ್ಷ ಡಾಲರ್ ಎಂದು ತೀರ್ಮಾನವಾದವರಿಗೆ ಮೊದಲ ಚೆಕ್ 1,500 ಡಾಲರ್. ಅದೇ ದಿವಾಳಿ ಪ್ರಕ್ರಿಯೆ ನಡೆಸಿದ ವಕೀಲರು, ಸಲಹೆಗಾರರ ಶುಲ್ಕ ಒಪ್ಪಂದಕ್ಕೆ ಮುನ್ನವೇ 10 ಕೋಟಿ ಡಾಲರ್ ದಾಟಿತ್ತು.

ಇನ್ನೊಂದು ಪ್ರಕರಣದ ಜೊತೆ ಹೋಲಿಸಿ ನೋಡೋಣ. ವೈದ್ಯ ಲ್ಯಾರಿ ನಾಸರ್ ನಡೆಸಿದ ದೌರ್ಜನ್ಯದ ನಂತರ ಅಮೆರಿಕದ ಜಿಮ್ನಾಸ್ಟಿಕ್ಸ್ ಸಂಸ್ಥೆಯೂ 2018ರಲ್ಲಿ ದಿವಾಳಿ ಅರ್ಜಿ ಹಾಕಿತ್ತು. 2021ರಲ್ಲಿ 500ಕ್ಕೂ ಹೆಚ್ಚು ಸಂತ್ರಸ್ತೆಯರಿಗೆ 38 ಕೋಟಿ ಡಾಲರ್ ಪರಿಹಾರ ಒಪ್ಪಿತವಾಯಿತು. ಸರಾಸರಿ ಏಳು ಲಕ್ಷ ಡಾಲರಿನ ಆಸುಪಾಸು. ಒಂದು ಕಡೆ ಏಳು ಲಕ್ಷ, ಇನ್ನೊಂದು ಕಡೆ 30 ಸಾವಿರ. ಜಿಮ್ನಾಸ್ಟ್ ಹುಡುಗಿಯರ ನೋವು ಸ್ಕೌಟ್ ಹುಡುಗರ ನೋವಿಗಿಂತ ಇಪ್ಪತ್ತು ಪಟ್ಟು ದೊಡ್ಡದೆ? ಖಂಡಿತ ಅಲ್ಲ. ಖಜಾನೆಯಲ್ಲಿ ಎಷ್ಟಿದೆ, ಸಾಲಿನಲ್ಲಿ ಎಷ್ಟು ಜನ ನಿಂತಿದ್ದಾರೆ ಎಂಬುದರ ಮೇಲೆ ಆ ಅಂಕಿ ನಿಂತಿದೆ. ಹೆಚ್ಚು ಮಕ್ಕಳು ನೊಂದಷ್ಟೂ ಒಬ್ಬೊಬ್ಬರ ಪಾಲು ಕಡಿಮೆಯಾಗುತ್ತದೆ. ದಿವಾಳಿ ಲೆಕ್ಕದ ಕ್ರೂರ ಸತ್ಯ ಇದು.

ದಿವಾಳಿಯಾಗದವರಿಗೂ ಬಿಡುಗಡೆ

ಒಪ್ಪಂದದಲ್ಲಿ ಎಲ್ಲಕ್ಕಿಂತ ಹೆಚ್ಚು ವಿವಾದವಾದ ಅಂಶ ಬೇರೆ. ದಿವಾಳಿ ಅರ್ಜಿ ಹಾಕಿದ್ದು ರಾಷ್ಟ್ರೀಯ ಸಂಸ್ಥೆ ಮಾತ್ರ. ಆದರೆ ಪರಿಹಾರಕ್ಕೆ ಕೈಜೋಡಿಸಿದ ಸ್ಥಳೀಯ ಮಂಡಳಿಗಳು, ವಿಮಾ ಕಂಪನಿಗಳು, ಚರ್ಚ್‌ಗಳ ಮೇಲೂ ಮುಂದೆ ದಾವೆ ಹೂಡುವಂತಿಲ್ಲ ಎಂದಾಯಿತು. ಮತ ಹಾಕಿದ ಸಂತ್ರಸ್ತರಲ್ಲಿ ಶೇ 85ಕ್ಕೂ ಹೆಚ್ಚು ಮಂದಿ ಇದಕ್ಕೆ ಒಪ್ಪಿದರು. ಒಪ್ಪದವರೂ ಇದ್ದರು. ನನ್ನ ಊರಿನ ಮಂಡಳಿಯ ಮೇಲೆ ನಾನು ಹೂಡಬಹುದಾದ ದಾವೆಯನ್ನು ಬೇರೆಯವರ ಬಹುಮತ ಹೇಗೆ ಕಸಿಯುತ್ತದೆ ಎಂಬುದು ಅವರ ಪ್ರಶ್ನೆ. ನೂರಕ್ಕೂ ಹೆಚ್ಚು ಮಂದಿ ಮೇಲ್ಮನವಿ ಸಲ್ಲಿಸಿದರು.

ಅಷ್ಟರಲ್ಲಿ ಬೇರೊಂದು ತೀರ್ಪು ಬಂತು. ನೋವಿನ ಮಾತ್ರೆ ತಯಾರಿಸುವ ‘ಪರ್ಡ್ಯೂ ಫಾರ್ಮಾ’ ಕಂಪನಿಯ ದಿವಾಳಿ ಪ್ರಕರಣದಲ್ಲಿ, ಅದರ ಮಾಲೀಕರಾದ ಸ್ಯಾಕ್ಲರ್ ಕುಟುಂಬ ತಾನು ದಿವಾಳಿಯಾಗದೆಯೇ ಇಂಥ ರಕ್ಷಣೆ ಪಡೆದಿತ್ತು. ಸಂತ್ರಸ್ತರ ಒಪ್ಪಿಗೆ ಇಲ್ಲದೆ ಹೀಗೆ ಬಿಡುಗಡೆ ಕೊಡಲು ದಿವಾಳಿ ಕಾನೂನಿನಲ್ಲಿ ಅವಕಾಶವಿಲ್ಲ ಎಂದು ಅಮೆರಿಕದ ಸುಪ್ರೀಂ ಕೋರ್ಟ್ 2024ರ ಜೂನ್‌ನಲ್ಲಿ 5-4ರ ಬಹುಮತದಿಂದ ಹೇಳಿತು. ಹಾಗಾದರೆ ಸ್ಕೌಟ್ಸ್ ಒಪ್ಪಂದ ಬಿದ್ದುಹೋಗಬೇಕಿತ್ತಲ್ಲ? ಬೀಳಲಿಲ್ಲ. ವಿಮಾ ಪಾಲಿಸಿಗಳನ್ನು ಕಂಪನಿಗಳಿಗೇ ಮರಳಿ ಮಾರಿದ ವ್ಯವಹಾರ ಆಗಲೇ ಮುಗಿದಿದೆ, ಅದನ್ನು ಈಗ ಹಿಂದಕ್ಕೆ ತಿರುಗಿಸಲಾಗದು ಎಂದು 2025ರ ಮೇ ತಿಂಗಳಲ್ಲಿ ಮೇಲ್ಮನವಿ ನ್ಯಾಯಾಲಯ ಒಪ್ಪಂದವನ್ನು ಉಳಿಸಿತು. ಬಿಡುಗಡೆ ಸರಿಯೋ ತಪ್ಪೋ ಎಂಬುದಕ್ಕಿಂತ, ತಡವಾಯಿತು ಎಂಬುದೇ ನಿರ್ಣಾಯಕವಾಯಿತು.

ಬೇರೆ ದಾರಿ ಇತ್ತೇ?

ಇಷ್ಟು ಓದಿದವರಿಗೆ ದಿವಾಳಿ ಎಂಬುದೇ ಮೋಸ ಅನ್ನಿಸಬಹುದು. ಆದರೆ ಇನ್ನೊಂದು ಬದಿಯನ್ನೂ ನೋಡಬೇಕು. ದಿವಾಳಿ ಅರ್ಜಿ ಇಲ್ಲದಿದ್ದರೆ ಮೊದಲು ಗೆದ್ದ ಕೆಲವರು ಕೋಟಿಗಟ್ಟಲೆ ಡಾಲರ್ ಪಡೆಯುತ್ತಿದ್ದರು. ಆಮೇಲೆ ಖಜಾನೆ ಖಾಲಿ. ಹಿಂದೆ ನಿಂತ ಸಾವಿರಾರು ಜನರಿಗೆ ಬರಿಗೈ. ಅವರಲ್ಲಿ ಎಷ್ಟೋ ಜನರಿಗೆ ಅರವತ್ತು, ಎಪ್ಪತ್ತು ದಾಟಿದೆ. ಹತ್ತು ವರ್ಷ ದಾವೆ ನಡೆಸುವ ಶಕ್ತಿ ಅವರಿಗಿಲ್ಲ. ಕಟಕಟೆಯಲ್ಲಿ ನಿಂತು ಎದುರಾಳಿ ವಕೀಲರ ಪ್ರಶ್ನೆ ಎದುರಿಸಲು ಎಲ್ಲರೂ ಬಯಸುವುದೂ ಇಲ್ಲ. ಶೇ 85ರಷ್ಟು ಜನ ಒಪ್ಪಿದ್ದನ್ನು ನಾವು ಇಲ್ಲಿ ಕೂತು ತಪ್ಪೆನ್ನಲಾಗದು. ಮಕ್ಕಳ ಸುರಕ್ಷತೆಗೆಂದೇ ಒಬ್ಬ ಅಧಿಕಾರಿ ಇರಬೇಕು, ಸಂತ್ರಸ್ತರೂ ಇರುವ ಸಮಿತಿ ಬೇಕು ಎಂಬ ಷರತ್ತುಗಳನ್ನು ಅವರು ಹೋರಾಡಿಯೇ ಪಡೆದರು.

ನನ್ನ ಅಭಿಪ್ರಾಯ ಇಷ್ಟು. ದಿವಾಳಿ ಕೋರ್ಟ್ ಹಂಚುವ ಕೆಲಸವನ್ನು ಮಾಡಬಲ್ಲದು. ‘ಯಾರಿಗೆ ಗೊತ್ತಿತ್ತು? ಗೊತ್ತಿದ್ದೂ ಯಾಕೆ ಸುಮ್ಮನಿದ್ದರು?’ ಎಂದು ಅದು ಕೇಳುವುದಿಲ್ಲ. ಆ ಪ್ರಶ್ನೆ ಕೇಳಿದ್ದು 2010ರ ಪೋರ್ಟ್‌ಲ್ಯಾಂಡ್ ಜ್ಯೂರಿ. ಪರಿಹಾರ ದಿವಾಳಿ ಕೋರ್ಟಿನಲ್ಲೇ ಹಂಚಿಕೆಯಾಗಲಿ, ಆದರೆ ಸಂಸ್ಥೆ ತನ್ನ ಕಡತಗಳನ್ನು ಬಿಚ್ಚಿಡುವುದನ್ನು ಒಪ್ಪಂದದ ಮೊದಲ ಷರತ್ತಾಗಿಸಬೇಕು. ದಿವಾಳಿಯಾಗದವರಿಗೆ ಬಿಡುಗಡೆ ಬೇಕಿದ್ದರೆ, ಸಂತ್ರಸ್ತರು ಒಬ್ಬೊಬ್ಬರಾಗಿ ಒಪ್ಪಿದರೆ ಮಾತ್ರ ಸಿಗಬೇಕು.

ನಮ್ಮಲ್ಲಿ 2012ರ ಪೋಕ್ಸೊ ಕಾಯ್ದೆ ಒಂದು ವಿಷಯದಲ್ಲಿ ಸ್ಪಷ್ಟವಾಗಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದದ್ದು ಗೊತ್ತಾದವರು ಪೊಲೀಸರಿಗೆ ತಿಳಿಸಲೇಬೇಕು ಎನ್ನುತ್ತದೆ 19ನೇ ಸೆಕ್ಷನ್. ತಿಳಿಸದಿದ್ದರೆ 21ನೇ ಸೆಕ್ಷನ್ ಪ್ರಕಾರ ಶಿಕ್ಷೆ. ಸಂಸ್ಥೆಯ ಮುಖ್ಯಸ್ಥರು ಮುಚ್ಚಿಟ್ಟರೆ ಶಿಕ್ಷೆ ಇನ್ನೂ ಹೆಚ್ಚು. ‘ಸಂಸ್ಥೆಯ ಮರ್ಯಾದೆ ಹೋಗುತ್ತದೆ, ಒಳಗೇ ಬಗೆಹರಿಸೋಣ’ ಎನ್ನುವ ಅವಕಾಶವೇ ಕಾನೂನಿನಲ್ಲಿಲ್ಲ. ನಮ್ಮಲ್ಲಿ ಹಲವರು ಎನ್‌ಎಸ್‌ಎಸ್ ಶಿಬಿರಕ್ಕೆ ಹೋಗುತ್ತೇವೆ, ಬೇಸಿಗೆ ಶಿಬಿರಗಳಲ್ಲಿ ಮಕ್ಕಳಿಗೆ ಕಲಿಸುತ್ತೇವೆ, ಟ್ಯೂಷನ್ ಹೇಳುತ್ತೇವೆ. ನಾಳೆ ಶಿಕ್ಷಕರಾಗುವವರೂ ನಮ್ಮಲ್ಲಿದ್ದಾರೆ. ಈ ಎರಡು ಸೆಕ್ಷನ್‌ಗಳನ್ನು ನಾವು ಪರೀಕ್ಷೆಗಾಗಿ ಅಲ್ಲದಿದ್ದರೂ ಓದಿಕೊಂಡಿರಬೇಕು.

ಬಾಯ್ ಸ್ಕೌಟ್ಸ್ ಸಂಸ್ಥೆ 2025ರ ಫೆಬ್ರುವರಿಯಿಂದ ‘ಸ್ಕೌಟಿಂಗ್ ಅಮೆರಿಕ’ ಎಂಬ ಹೊಸ ಹೆಸರಿನಲ್ಲಿ ನಡೆಯುತ್ತಿದೆ. ಸುಮಾರು 10 ಲಕ್ಷ ಮಕ್ಕಳು ಈಗಲೂ ಅದರಲ್ಲಿದ್ದಾರೆ. 1920ರ ದಶಕದಲ್ಲಿ ಮೊದಲ ಕಡತ ತೆರೆದ ದಿನವೇ ಯಾರಾದರೂ ಅದನ್ನು ಹತ್ತಿರದ ಪೊಲೀಸ್ ಠಾಣೆಗೆ ಒಯ್ದು, ಆಮೇಲೂ ಅದನ್ನೇ ರೂಢಿ ಮಾಡಿಕೊಂಡಿದ್ದರೆ, ನೂರು ವರ್ಷದ ನಂತರ 246 ಕೋಟಿ ಡಾಲರನ್ನು 82 ಸಾವಿರದಿಂದ ಭಾಗಿಸುವ ಲೆಕ್ಕ ಬರುತ್ತಿರಲಿಲ್ಲ.