ಹತ್ತು ರೂಪಾಯಿಯ ಪಣ

ಯುಗಾದಿ ಬಂತೆಂದರೆ ನಮ್ಮ ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ ಸೀಮೆಯ ಅರಳಿಕಟ್ಟೆಗಳಲ್ಲಿ ಅಂದರ್-ಬಾಹರ್ ಶುರು. "ಹತ್ತೇ ರೂಪಾಯಿ ಮೇಷ್ಟ್ರೇ, ಸೋತರೆ ದುಪ್ಪಟ್ಟು ಕಟ್ಟಿ ಗೆಲ್ತೀವಿ" ಎನ್ನುವವರಿಗೆ ಹಿಂದೊಮ್ಮೆ ಗಣಿತ ಕಲಿಸಿದವನು ನಾನೇ ಎಂಬುದು ನನ್ನ ನಾಚಿಕೆ!

ಲೆಕ್ಕ ಹಾಕೋಣ. ಹೀಗೆ ದುಪ್ಪಟ್ಟು ಕಟ್ಟುತ್ತ ಸತತವಾಗಿ 7 ಬಾರಿ ಸೋತರೆ ಹೋದದ್ದು 1,270 ರೂಪಾಯಿ. ಎಂಟನೆಯದಕ್ಕೆ 1,280 ಬೇಕು. ಗೆದ್ದರೂ ಒಟ್ಟು ಲಾಭ ಬರೀ 10! ನಿಮ್ಮ ಹಿಂದಿನ ಸೋಲುಗಳನ್ನು ಇಸ್ಪೀಟೆಲೆ ನೆನಪಿಟ್ಟುಕೊಂಡು ಕನಿಕರಿಸುವುದಿಲ್ಲ. ಧರ್ಮರಾಯನೂ ಮೊದಲ ದಾಳಕ್ಕೇ ದ್ರೌಪದಿಯನ್ನು ಒಡ್ಡಲಿಲ್ಲ. ಸೋತಂತೆಲ್ಲ ಪಣ ಏರಿಸುತ್ತ ಹೋದ.

ಕಟ್ಟೆಯ ಜೂಜಿಗೆ 1963ರ ಕರ್ನಾಟಕ ಪೊಲೀಸ್ ಕಾಯ್ದೆಯಿದೆ, ಮೊಬೈಲಿನ ಜೂಜಿಗೆ 2025ರ ಕೇಂದ್ರ ಕಾಯ್ದೆಯಿದೆ. ಆದರೆ ದುಪ್ಪಟ್ಟು ಕಟ್ಟುವ ಕೈಯನ್ನು ಹಿಡಿಯಬೇಕಾದದ್ದು ನಾವು ಕಲಿತ ಲೆಕ್ಕವೇ. ಹಾಗಾದರೆ ಎಷ್ಟು ಕಟ್ಟಬೇಕು ಎನ್ನುವಿರಾ? ಈ ಮೇಷ್ಟರ ಉತ್ತರ: ಸೊನ್ನೆ.