ನೋಂದಣಿಯಾದ ಮಾತ್ರಕ್ಕೆ ವಿಲ್ ಗೆಲ್ಲುವುದಿಲ್ಲ

'ವಿಲ್ ನೋಂದಣಿಯಾದರೆ ಮುಗಿಯಿತು, ಆಮೇಲೆ ಯಾರೂ ಪ್ರಶ್ನಿಸುವಂತಿಲ್ಲ' ಎಂದು ಲೇಖನವೊಂದರಲ್ಲಿ ಅದರ ಲೇಖಕರು ಮಂಡಿಸಿದ ವಾದ ತಪ್ಪು ಮಾತ್ರವಲ್ಲ, ಅಪಾಯಕಾರಿ ಕೂಡ.

ಸುಪ್ರೀಂ ಕೋರ್ಟಿನ 2025ರ ಜುಲೈ ತೀರ್ಪನ್ನು ಅವರು ಆಧಾರವಾಗಿ ಕೊಟ್ಟಿದ್ದಾರೆ. ನೋಂದಾಯಿತ ವಿಲ್ ಅಸಲಿ ಎಂದೇ ಮೊದಲಿಗೆ ಭಾವಿಸಬೇಕು ಎಂದು ಅದು ಹೇಳಿದ್ದು ನಿಜ. ಆದರೆ ತೆಲಂಗಾಣದ ಆ ಪ್ರಕರಣದಲ್ಲಿ ವಿಲ್ ಮೇಲಿನ ಸಹಿ ತಮ್ಮ ತಂದೆಯದ್ದೇ ಎಂದು ಎದುರಾಳಿಯೇ ಒಪ್ಪಿಕೊಂಡಿದ್ದರು. ಈ ಮುಖ್ಯ ಸಂಗತಿಯನ್ನೇ ಲೇಖನ ಕೈಬಿಟ್ಟಿದೆ.

ಕಾನೂನು ಸ್ಪಷ್ಟವಾಗಿದೆ. 1925ರ ಭಾರತೀಯ ಉತ್ತರಾಧಿಕಾರ ಕಾಯ್ದೆಯ 63ನೇ ಕಲಮಿನಂತೆ ಕನಿಷ್ಠ ಇಬ್ಬರು ಸಾಕ್ಷಿಗಳು ವಿಲ್ ಬರೆದವರ ಎದುರೇ ಸಹಿ ಹಾಕಿರಬೇಕು. ಅವರಲ್ಲಿ ಒಬ್ಬರಾದರೂ ಬದುಕಿದ್ದರೆ ಕೋರ್ಟಿಗೆ ಬಂದು ಸಾಕ್ಷಿ ನುಡಿಯಬೇಕು. ಬೇರೆ ನೋಂದಾಯಿತ ಪತ್ರಗಳಿಗೆ ಈ ವಿಷಯದಲ್ಲಿ ಸಾಕ್ಷ್ಯ ಕಾನೂನು ಕೊಡುವ ರಿಯಾಯಿತಿ ವಿಲ್‌ಗೆ ಇಲ್ಲ. 30 ವರ್ಷ ಹಳೆಯ ಪತ್ರವನ್ನು ಅಸಲಿ ಎಂದು ಭಾವಿಸುವ ಅನುಕೂಲವೂ ವಿಲ್‌ಗೆ ಸಿಗದು ಎಂದು 2023ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ.

ನಮ್ಮ ಮೈಸೂರಿನಿಂದಲೇ ಸುಪ್ರೀಂ ಕೋರ್ಟಿಗೆ ಹೋದ ವೆಂಕಟಾಚಲ ಅಯ್ಯಂಗಾರ್ ಪ್ರಕರಣದ 1958ರ ತೀರ್ಪು ಇಂದಿಗೂ ದಾರಿ ತೋರಿಸುತ್ತಿದೆ: ಲಾಭ ಪಡೆಯುವವನೇ ಮುಂದೆ ನಿಂತು ವಿಲ್ ಬರೆಸಿದ್ದರೆ, ಆ ಅನುಮಾನವನ್ನು ಅವನೇ ನಿವಾರಿಸಬೇಕು. ಹಾಸಿಗೆ ಹಿಡಿದ ತಾಯಿಯ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರ ಎದುರು ಹೆಣ್ಣುಮಕ್ಕಳಿಗೆ ಉಳಿದಿರುವ ರಕ್ಷಣೆ ಇದೇ.

ಓದುಗರೇ, ನೋಂದಣಿ ಖಂಡಿತ ಮಾಡಿಸಿ. ಆದರೆ ಆಸ್ತಿಯಲ್ಲಿ ಪಾಲಿಲ್ಲದ, ನಿಮಗಿಂತ ಕಿರಿಯರಾದ ಇಬ್ಬರು ಸಾಕ್ಷಿಗಳನ್ನು ಮೊದಲು ಆರಿಸಿಕೊಳ್ಳಿ.