ಒಂದೇ ಸಾಲಲ್ಲಿ ತಾಲ್ಲೂಕು ಬದಲಾಯಿಸುವವರಿಗೆ

ಮೊನ್ನೆ ಗೆಳೆಯನೊಬ್ಬ ಫೋನ್ ಮಾಡಿದ್ದ. "ನಮ್ ಕಡೆ ಊರುಗಳ ಸೈಟಲ್ಲಿ ಎಲ್ಲ ಹಳೇ ತಾಲ್ಲೂಕೇ ಇದೆ ಮಾರಾಯ, ಎಂಜಿನ್‌ಎಕ್ಸಲ್ಲಿ ಒಂದ್ ಸಾಲು ಹಾಕ್ಬಿಡು, ಮುಗೀತು!"

ಆ ಸಾಲಿನ ಹೆಸರು ಸಬ್ ಫಿಲ್ಟರ್. ಡೇಟಾಬೇಸ್ ಮುಟ್ಟೋದೇ ಬೇಡ. ಪುಟ ಸರ್ವರಿನಿಂದ ಹೊರಡುವಾಗ ದಾರಿಯಲ್ಲೇ ಒಂದು ಪದ ಕಿತ್ತು ಇನ್ನೊಂದನ್ನು ಕೂರಿಸುತ್ತೆ. ಅಪಾಚೆಯಲ್ಲಿ ಇದಕ್ಕೇ ಮಾಡ್ ಸಬ್‌ಸ್ಟಿಟ್ಯೂಟ್ ಇದೆ. ನಮ್ಮ ಅಜ್ಜಂಪುರ 2017ರ ಬಜೆಟ್ಟಿನಲ್ಲಿ ಘೋಷಣೆಯಾದ 49 ಹೊಸ ತಾಲ್ಲೂಕುಗಳಲ್ಲಿ ಒಂದು. ಅಲ್ಲಿಯವರೆಗೆ ತರೀಕೆರೆ ತಾಲ್ಲೂಕಿನ ಹೋಬಳಿ. ಸರಿ, 'ತರೀಕೆರೆ ತಾಲ್ಲೂಕು' ಇದ್ದಲ್ಲಿ 'ಅಜ್ಜಂಪುರ ತಾಲ್ಲೂಕು' ಅಂತ ನಾನೂ ಹಾಕಿದೆ. ಪೆದ್ದ ನಾನು.

ಮೊದಲು ಪುಟಕ್ಕೆ ಒಂದೇ ಸಲ ಬದಲಾಯ್ತು. ಅದರ ಡೀಫಾಲ್ಟೇ ಹಾಗೆ. ಎಲ್ಲ ಕಡೆ ಬದಲಾಗಲಿ ಅಂತ ಸೆಟ್ಟಿಂಗ್ ತಿರುಗಿಸಿದೆ. 'ತಾಲ್ಲೂಕಿನ' ಅಂತ ಇದ್ದದ್ದು ಹಾಗೇ ಉಳೀತು, ಕೊನೇ ಕೊಂಬು ಕಿತ್ತು 'ತಾಲ್ಲೂಕ' ಅಂತ ಮಾಡಿದೆ. ಆಗ ನೋಡಿ ಮಜಾ.... ಲಕ್ಕವಳ್ಳಿ, ಅಮೃತಾಪುರ, ಕೆಮ್ಮಣ್ಣುಗುಂಡಿ ಎಲ್ಲ ರಾತ್ರೋರಾತ್ರಿ ಅಜ್ಜಂಪುರಕ್ಕೆ ಸೇರಿದವು! ತರೀಕೆರೆಯವರು ಸುಮ್ಮನಿರ್ತಾರಾ? ಇನ್ನೊಂದು ಪುಟದಲ್ಲಿ "ಅಜ್ಜಂಪುರವು ಮೊದಲು ಅಜ್ಜಂಪುರ ತಾಲ್ಲೂಕಿನ ಹೋಬಳಿಯಾಗಿತ್ತು" ಅಂತ ಬಂದಿತ್ತು :)

ಇಷ್ಟಾದರೂ ಕೆಲವು ಪುಟ ಬದಲಾಗಲೇ ಇಲ್ಲ. ಕಣ್ಣಿಗೆ ಅದೇ 'ತರೀಕೆರೆ'. ಯೂನಿಕೋಡಿನಲ್ಲಿ ಗುಡಿಸಿನ ದೀರ್ಘವನ್ನು ಒಂದೇ ಸಂಕೇತವಾಗಿಯೂ ಬರೆಯಬಹುದು, ಗುಡಿಸು ಮತ್ತು ದೀರ್ಘ ಅಂತ ಎರಡಾಗಿಯೂ ಬರೆಯಬಹುದು. 'ಹೋಬಳಿ'ಯ ಓತ್ವಕ್ಕಂತೂ ಮೂರು ದಾರಿ. ಓದುವ ನಮಗೆ ಎಲ್ಲ ಒಂದೇ. ಬೈಟ್ ನೋಡುವ ಫಿಲ್ಟರಿಗೆ ಬೇರೆ ಬೇರೆ ಪದ. ಎರರ್ ಕೂಡ ಕೊಡಲ್ಲ, ಸುಮ್ಮನೆ ಬಿಟ್ಟು ಹೋಗುತ್ತೆ. ಈ ಮಾಡ್ಯೂಲಿನ ಬಗ್ಗೆ ಹೊಗಳಿ ಬರೆಯೋರು ಯಾರೂ ಕನ್ನಡದ ಪುಟದ ಮೇಲೆ ಒಮ್ಮೆಯೂ ಓಡಿಸಿ ನೋಡಿರಲ್ಲ ಅಂತ ನನ್ನ ಗುಮಾನಿ.

ಬೇರೆಯವರ ಸಾಫ್ಟ್‌ವೇರ್ ಮುಂದೆ ಪ್ರಾಕ್ಸಿ ಇಟ್ಟಾಗ ಅದರೊಳಗಿನ ವಿಳಾಸ ತಿದ್ದೋಕೆ ಇದನ್ನು ಬಳಸಿ, ನನ್ನ ತಕರಾರಿಲ್ಲ. ಆದರೆ ನಮ್ಮದೇ ಬರಹವನ್ನು ಹೀಗೆ ತಿದ್ದೋದು ಸೋಮಾರಿತನ. ಪುಟದಲ್ಲಿ 'ಅಜ್ಜಂಪುರ ತಾಲ್ಲೂಕು' ಅಂತ ಕಾಣುತ್ತೆ, ಅದನ್ನೇ ಸೈಟಿನ ಹುಡುಕಾಟದಲ್ಲಿ ಕೊಟ್ಟರೆ ಏನೂ ಸಿಗಲ್ಲ, ಯಾಕಂದ್ರೆ ಡೇಟಾಬೇಸಿನಲ್ಲಿ ಇರೋದು ಹಳೇದೇ!

ಗೆಳೆಯನ ಮುಂದಿನ ಐಡಿಯಾ ಕೇಳಿ: 'ಕಡೂರು ಜಿಲ್ಲೆ' ಅಂತ ಇರೋದನ್ನೆಲ್ಲ 'ಚಿಕ್ಕಮಗಳೂರು ಜಿಲ್ಲೆ' ಮಾಡು ಅಂತ. 1947ರವರೆಗೂ ಜಿಲ್ಲೆಯ ಹೆಸರೇ ಕಡೂರು ಕಣಯ್ಯಾ! ಬಿ.ಎಲ್. ರೈಸ್ ಅವರ ಎಪಿಗ್ರಾಫಿಯಾ ಕರ್ನಾಟಿಕಾದ 6ನೇ ಸಂಪುಟ, 1901ರದ್ದು, ಕಡೂರು ಜಿಲ್ಲೆಯ ಶಾಸನಗಳದ್ದು. ಫಿಲ್ಟರ್ ಹಾಕಿದರೆ ಪುಸ್ತಕದ ಹೆಸರೂ ಬದಲಾಗುತ್ತೆ. ಓದಿದ ಹುಡುಗ ಲೈಬ್ರರಿಗೆ ಹೋಗಿ ಇಲ್ಲದ ಪುಸ್ತಕ ಕೇಳ್ತಾನೆ. ಹೊತ್ತಗೆಯ ಹೆಸರು ತಿದ್ದೋ ಹಕ್ಕು ನಮಗೆ ಯಾರು ಕೊಟ್ರು?

ಆ ಸಾಲು ಕಿತ್ತು ಹಾಕಿದ್ದೇನೆ. ಡೇಟಾಬೇಸಿನಲ್ಲಿ ಪ್ರತಿ ಊರಿಗೂ ತಾಲ್ಲೂಕು ಅಂತ ಒಂದು ಕಾಲಂ, ಯಾವ ವರ್ಷದಿಂದ ಅಂತ ಇನ್ನೊಂದು. ಒಂದೊಂದೇ ಊರು ಕೂತು ತುಂಬಿಸ್ತಿದ್ದೀನಿ. ಶಿವನಿ ಮುಗೀತು. ಗೆಳೆಯ ಇನ್ನೂ ಮಾತು ಬಿಟ್ಟಿದ್ದಾನೆ, ಬಿಡಲಿ.